ಬಂಗಾರ ಹಾಕದವರು

ಟೀವಿಯ ಒಂದು ತುದಿ ಮುನಿರಾಜುವಿನ ಎದೆಗೆ ಒತ್ತಿಕೊಂಡಿತ್ತು, ಇನ್ನೊಂದು ತುದಿ ಭಾನುಪ್ರಿಯಳ ಬೆರಳುಗಳಿಂದ ಜಾರುತ್ತಿತ್ತು. ಬಾಗಿಲು ಕಿರಿದು. ಅಡ್ಡ ಹಿಡಿದರೆ ಚೌಕಟ್ಟಿಗೆ ತಾಗುತ್ತಿತ್ತು, ಓರೆ ಹಿಡಿದರೆ ಮುನಿರಾಜುವಿನ ಮೂಗಿಗೆ.

"ಕೆಳ್ಗೆ ಇಡ್ಬ್ಯಾಡಮ್ಮಿ. ಅಂಗೇ ಬಾ, ಅಂಗೇ."

"ಚಿಕ್ಕಪ್ಪ, ವೈರು."

ವೈರು ಇನ್ನೂ ಗೋಡೆಯಲ್ಲೇ ಇತ್ತು. ಮುನಿರಾಜುವಿನ ಹೆಂಡತಿ ಕಲ್ಪನ ಅಡುಗೆಮನೆಯಿಂದ ಓಡಿಬಂದು ಕಿತ್ತಳು. ಹೊರಗೆ ನಿಂತಿದ್ದ ಆಟೋದ ಹಿಂದಿನ ಸೀಟಿನಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಆಗಲೇ ಕೂತಿದ್ದವು. ಟೀವಿಯನ್ನು ಅವುಗಳ ಮಧ್ಯೆ ಕೂರಿಸಿ ಮೇಲೆ ಕಂಬಳಿ ಹೊದಿಸಿದರು. ಜ್ವರ ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವಂತೆ ಕಾಣುತ್ತಿತ್ತು.

"ಮಧ್ಯಾನದ ಸೀರಿಯಲ್ಲು?" ಎಂದಳು ಒಳಗಿನಿಂದ ಮುನಿಗಂಗಮ್ಮ.

"ಇವತ್ತೊಂದಿನ ಬುಡಮ್ಮ."

"ಇವತ್ತೇ ಕಣ್ಲಾ ಅವುಳ್ಗೆ ಗೊತ್ತಾಗೋದು, ಗಂಡ ಬದುಕವ್ನೆ ಅಂತ."

ಮುನಿರಾಜು ತಾಯಿಯ ಕಡೆ ಕೈಯಾಡಿಸಿದ. ಆಟೋವನ್ನು ಹಿಂದಿನ ಬೀದಿಗೆ ತಳ್ಳಿಕೊಂಡು ಹೋದ. ಸ್ಟಾರ್ಟ್ ಮಾಡಿದರೆ ಶಬ್ದ ಬರುತ್ತದೆಂಬ ಭಯ ಅವನಿಗೆ. ಸರ್ಕಾರದ ಜೀಪು ಇನ್ನೂ ಬಂಗಾರಪೇಟೆ ದಾಟಿರಲಿಲ್ಲ.

ಅವರು ಮರಿಗೆಯವರು. ಮಾರಿಕುಪ್ಪಂ ಸ್ಟೇಷನ್ನಿನ ಆಚೆ, ಚಿನ್ನದ ಗಣಿ ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬೆನ್ನಿಗೆ ಅಂಟಿಕೊಂಡ ಹಟ್ಟಿ. ಮರಿಗೆ ಅಂದರೆ ದೋಣಿಯಂತೆ ಕೊರೆದ ಮರದ ತಟ್ಟೆ. ಗಣಿ ಬರುವ ಮೊದಲು ಇವರ ಹೆಂಗಸರು ಹಳ್ಳದ ಮಣ್ಣನ್ನು ಅದರಲ್ಲಿ ಜಾಲಿಸಿ ಬಂಗಾರದ ಪುಡಿ ತೆಗೆಯುತ್ತಿದ್ದರಂತೆ. ಗಣಿ ಬಂತು, ಹಳ್ಳ ಹೋಯಿತು. ಹೆಂಗಸರು ಬಂಗಾರಪೇಟೆಯ ಅಕ್ಕಸಾಲಿಗರ ಬೀದಿಗೆ ಹೋದರು. ಅಂಗಡಿಗಳ ಮುಂದಿನ ಧೂಳು, ಚರಂಡಿಯ ಕೆಸರು, ಕುಲುಮೆಯ ಬೂದಿ ಗುಡಿಸಿ ಚೀಲಕ್ಕೆ ತುಂಬಿ, ಕೆರೆಯ ಹತ್ತಿರ ಕೂತು ಜಾಲಿಸಿದರು. ಮುನಿಗಂಗಮ್ಮ ಈಗಲೂ ರೈಲು ಹತ್ತಿ ಹೋಗುತ್ತಿದ್ದಳು. ಮೊಮ್ಮಗಳನ್ನು ಮಾತ್ರ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಓದುವ ಹುಡುಗಿಯ ಕೈಗೆ ಚರಂಡಿ ಯಾಕೆ ಅನ್ನುವುದು ಅವಳ ಲೆಕ್ಕ.

ಸರ್ಕಾರದ ಯಾವ ಪಟ್ಟಿಯಲ್ಲೂ ಮರಿಗೆಯವರ ಹೆಸರಿರಲಿಲ್ಲ. ಶಾಲೆಯಲ್ಲಿ ಜಾತಿಯ ಕಾಲಂ ಬಂದಾಗ ಮೇಷ್ಟ್ರುಗಳು ತೋಚಿದ್ದನ್ನು ಬರೆದಿದ್ದರು. ಮುನಿರಾಜುವಿನ ಟೀಸಿಯಲ್ಲಿ 'ತಮಿಳು' ಅಂತಿತ್ತು. ಅವನ ಅಣ್ಣ, ಭಾನುಪ್ರಿಯಳ ಅಪ್ಪ ಆಂಜನಪ್ಪನದರಲ್ಲಿ 'ಹಿಂದೂ, ಬಡವರು' ಅಂತಿತ್ತು. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಗಿನ ರೈಲಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು, ಇಂಥ ದಿನವೂ ರಜೆ ಸಿಕ್ಕಿರಲಿಲ್ಲ. ಭಾನುಪ್ರಿಯ ಪಿಯುಸಿ ಮುಗಿಸಿದ್ದಳು. ಸರ್ಕಾರಿ ನರ್ಸಿಂಗ್ ಕಾಲೇಜಿನ ಕೌನ್ಸೆಲಿಂಗ್ ಇನ್ನೇನು ಬರುವ ತಿಂಗಳು. ಜಾತಿ ಸರ್ಟಿಫಿಕೇಟ್ ಇದ್ದರೆ ಅವಳ ಅಂಕಕ್ಕೆ ಸೀಟು ಖಚಿತ, ಇಲ್ಲದಿದ್ದರೆ ಇಲ್ಲ. ಅದನ್ನು ಕಾಲೇಜಿನ ಗುಮಾಸ್ತನೇ ಕಂಪ್ಯೂಟರಿನಲ್ಲಿ ತೋರಿಸಿದ್ದ.

ಹೀಗಾಗಿ ಮುನಿರಾಜು, ರಾಬರ್ಟ್‌ಸನ್‌ಪೇಟೆಯಲ್ಲಿ ಆಟೋ ಓಡಿಸುವವನು, ಮರಿಗೆ ಜನಾಂಗದ ಸಂಘದ ಅಧ್ಯಕ್ಷನೂ ಆಗಿದ್ದ. ವರ್ಷಗಟ್ಟಲೆ ಕಚೇರಿಗಳ ಬಾಗಿಲಲ್ಲಿ ನಿಂತು ಕಡೆಗೆ, ಮರಿಗೆಯವರು ಬುಡಕಟ್ಟಿನವರೇ ಎಂದು ಪರೀಕ್ಷಿಸಲು ಒಂದು ಅಧ್ಯಯನ ತಂಡ ಬರುವಂತೆ ಮಾಡಿದ್ದ. ತಂಡ ಏನು ನೋಡುತ್ತದೆ ಅನ್ನುವುದನ್ನು ಯಾರೋ ಗುಮಾಸ್ತ ಟೀ ಕುಡಿಯುತ್ತ ಹೇಳಿಬಿಟ್ಟಿದ್ದ. ಮುನಿರಾಜು ಅದನ್ನು ಬಾಯಿಪಾಠ ಮಾಡಿಕೊಂಡಿದ್ದ.

"ಇಂದುಳಿದಿರ್ಬೇಕು. ಊರಿಂದ ದೂರ ಇರ್ಬೇಕು. ಬೇರೆ ತರ ಇರ್ಬೇಕು. ಆಮೇಲೆ ನಾಚ್ಕೆ."

"ನಾಚ್ಕೇನಾ?" ಎಂದಳು ಭಾನುಪ್ರಿಯ.

"ಒರಗಿನೋರ್ನ ಕಂಡ್ರೆ ನಾಚ್ಕೋಬೇಕು. ಅದ್ಕೆ ಮಾರ್ಕ್ಸ್ ಐತಂತೆ. ಅವ್ರು ಬಂದ ತಕ್ಷಣ ನೀನು ಒಳಕ್ಕೆ ಓಡೋಗು."

"ಲೊಕೇಶನ್ ಕಳ್ಸಿದ್ದೇ ನಾನು. ಫೋನಲ್ಲಿ ದಾರಿ ಏಳ್ತಿರೋದೂ ನಾನೇ. ಈಗ ಓಡೋಗ್ಲಾ?"

"ಫೋನಲ್ಲಿ ಮಕ ಕಾಣಲ್ವಲ್ಲ. ಅದು ಬೇರೆ."

ಅವಳಿಗೆ ಓಡಿಹೋಗಲು ಮನಸ್ಸಿರಲಿಲ್ಲ. ನೀವು ಯಾರು ಅಂತ ಕೇಳುವುದಕ್ಕೇ ಸರ್ಕಾರ ಡೀಸೆಲ್ ಹಾಕಿಸಿಕೊಂಡು ಬರುತ್ತಿದೆ. ಉತ್ತರ ಏನೆಂದು ಕೇಳಿಸಿಕೊಳ್ಳಲು ಅವಳೂ ಕಾದಿದ್ದಳು. ಪ್ರಶ್ನೆಗಳು ಅಚ್ಚಾದ ಹಾಳೆಯಲ್ಲಿರುತ್ತವೆಯೇ? ಕೇಳುವವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆಯೇ, ಇಲ್ಲ ಡಾಕ್ಟರರಂತೆ ಬೇರೆಲ್ಲೋ ನೋಡುತ್ತಾರೆಯೇ?

ಮುನಿರಾಜು ಹಿಂದಿನ ಬೀದಿಯಿಂದ ಒಂದು ಮೂಟೆ ಹೊತ್ತು ತಂದು ಅಂಗಳದಲ್ಲಿ ಸುರಿದ. ಬಂಗಾರಪೇಟೆಯಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವವನ ಹತ್ತಿರ ತಂದದ್ದು. ಗಿಲೀಟಿನ ಕಾಸಿನಸರ, ಡಾಬು, ತೋಳಬಂದಿ, ಕಿವಿ ಮುಚ್ಚುವಷ್ಟು ದೊಡ್ಡ ಓಲೆ. ಹಟ್ಟಿಯ ಹೆಂಗಸರು ಮುತ್ತಿಕೊಂಡರು.

"ಇದು ಯಾವೋನೋ ರಾಜನ ಪಾರ್ಟಿಂದು ಕಣ್ರೇ," ಎಂದಳು ಕಲ್ಪನ, ತೋಳಬಂದಿಯನ್ನು ತನ್ನ ಮೊಣಕೈ ಮೇಲೆ ಹಿಡಿದು. "ಎರಡು ತೋಳು ಇಡಿಸ್ತದೆ."

"ನಿನ್ಗೆ ಸರಿಯಾಗದೆ ಬುಡು," ಎಂದಳು ಎದುರು ಮನೆಯ ಮುನಿಶಾಮಮ್ಮ, ಮತ್ತು ಎಲ್ಲರೂ ನಕ್ಕರು.

ಹಿತ್ತಲಿನಲ್ಲಿ ಸ್ನಾನ ಮುಗಿಸಿದ ಮುನಿಗಂಗಮ್ಮ ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡು ಹೊರಗೆ ಬಂದಳು. ಹೊಳೆಯುತ್ತಿದ್ದ ಸೊಸೆಯನ್ನೂ ನೆರೆಯವರನ್ನೂ ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ತಿರುವಿನಲ್ಲಿ ಜೀಪಿನ ಹಾರನ್ನು.

ಇಬ್ಬರು ಇಳಿದರು. ಸುಧಾಕರ್ ತಂಡದ ಹಿರಿಯ ಅಧಿಕಾರಿ, ನಿವೃತ್ತಿಗೆ ಹತ್ತಿರವಾದ ವಯಸ್ಸು, ಬಿಸಿಲಿಗೆ ಟೋಪಿ. ಶಶಿರೇಖ ಸಂಶೋಧಕಿ, ಭಾನುಪ್ರಿಯಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಇಳಿದ ಕೂಡಲೇ ಅವಳು ಸಾಲಾಗಿ ನಿಂತ ಹೆಂಗಸರ ಫೋಟೋ ತೆಗೆದಳು. ಆಮೇಲೆ ಸೈನೈಡ್ ದಿಬ್ಬದ ಫೋಟೋ, ಒಂದು ಕೋಳಿಯ ಫೋಟೋ. ಮುನಿರಾಜು ಭಾನುಪ್ರಿಯಳಿಗೆ ಕಣ್ಣಿನಲ್ಲೇ 'ಓಡು' ಎಂದ. ಅವಳು ಓಡಿದಳು. ಒಳಗೆ ಹೋಗಿ ಎರಡು ಕುರ್ಚಿ ಹೊತ್ತು ವಾಪಸು ಬಂದಳು.

ಪ್ರಶ್ನೆಗಳು ಅಚ್ಚಾದ ಹಾಳೆಯಲ್ಲೇ ಇದ್ದವು. ಸುಧಾಕರ್ ಓದಿದರು, ಹೊಸ್ತಿಲ ಮೇಲೆ ಕೂತ ಮುನಿಗಂಗಮ್ಮ ಉತ್ತರಿಸಿದಳು.

"ನಿಮ್ಮ ದೇವರು?"

"ಮಾರಮ್ಮ."

"ಎಲ್ಲರದೂ ಮಾರಮ್ಮನೇ," ಎಂದರು ಸುಧಾಕರ್, ಬೇಸರವಿಲ್ಲದೆ. "ಮನೆಯಲ್ಲಿ ಯಾವ ಭಾಷೆ?"

"ಮನೇಲಿ ತೆಲುಗು. ಮೈನ್ಸ್ ಕೆಲ್ಸದೋರ ಲೈನ್ ಮನೆಗಳ ಕಡೆಗಾದ್ರೆ ತಮಿಳು. ನಿಮ್ಮಂತೋರು ಬಂದ್ರೆ ಕನ್ನಡ."

"ನಿಮ್ಮದೇ ಅಂತ ಒಂದು ಭಾಷೆ?"

"ಮೂರು ಸಾಲ್ದಾ ಸಾಮಿ?"

ಶಶಿರೇಖ ತಲೆ ತಗ್ಗಿಸಿ ನಕ್ಕಳು. ಊಟ? ರಾಗಿಮುದ್ದೆ. ಮದುವೆ? ಸೋದರಮಾವನ ಕಡೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಸಿಕ್ಕ ಕಡೆ. ಸುಧಾಕರ್ ಒಂದೊಂದಕ್ಕೂ ಗೀಟು ಹಾಕುತ್ತ ಹೋದರು. ಮುನಿರಾಜು ಅಂಗಿಯ ತೋಳಿನಿಂದ ಕುತ್ತಿಗೆ ಒರೆಸಿಕೊಂಡ.

"ಹೊರಗಿನವರು ಹಟ್ಟಿಗೆ ಬಂದರೆ ಏನು ಮಾಡುತ್ತೀರಿ?"

ಮುನಿರಾಜು ಕೆಮ್ಮಿದ.

"ಕಾಪಿ ಕಾಯಿಸ್ತೀವಿ," ಎಂದಳು ಮುನಿಗಂಗಮ್ಮ. "ನಿಮ್ಗೂ ಇಟ್ಟವ್ಳೆ. ಸಕ್ಕರೆ ಆಕ್ಕಂತೀರಾ, ಇಲ್ವಾ?"

ಸುಧಾಕರ್ ಆ ಪ್ರಶ್ನೆಗೂ ಗೀಟು ಹಾಕಿ, "ಸಕ್ಕರೆ ಬೇಡ," ಎಂದರು. "ಮನೆಯಲ್ಲಿ ಟೀವಿ?"

"ಇಲ್ಲ ಸಾರ್," ಎಂದ ಮುನಿರಾಜು.

ಒಳಗಿನ ಗೋಡೆ ಹೊಗೆ ಹಿಡಿದು ಮಬ್ಬಾಗಿತ್ತು. ಅದರ ನಡುವೆ ಟೀವಿಯಷ್ಟು ಅಗಲದ ಒಂದು ಚೌಕ ಮಾತ್ರ ಹೊಸ ಹಸಿರು. ಶಶಿರೇಖಳ ಕಣ್ಣು ಅಲ್ಲಿಗೆ ಹೋಗಿ ನಿಂತದ್ದನ್ನು ಭಾನುಪ್ರಿಯ ನೋಡಿದಳು. ಭಾನುಪ್ರಿಯ ಹಾಗೆ ನೋಡಿದ್ದನ್ನು ಶಶಿರೇಖಳೂ ನೋಡಿದಳು. ಆ ಗೋಡೆಯ ಫೋಟೋ ಮಾತ್ರ ಅವಳು ತೆಗೆಯಲಿಲ್ಲ. ಅಲ್ಲಿಂದಾಚೆ ಅವರಿಬ್ಬರು ಪರಿಚಯದವರಾದರು.

ಕಾಫಿ ಬಂತು. ಹಾಳೆಯ ಪ್ರಶ್ನೆಗಳು ಮುಗಿಯುತ್ತ ಬಂದಿದ್ದವು. ಕಾಲು ಚಾಚಿಕೊಂಡ ಶಶಿರೇಖ ಹಾಳೆಯಲ್ಲಿಲ್ಲದ್ದನ್ನು ಕೇಳಿದಳು. "ಅಜ್ಜಿ, ಎಲ್ಲರೂ ಇಷ್ಟೊಂದು ಹಾಕಿಕೊಂಡಿದ್ದಾರೆ. ನೀವು ಮಾತ್ರ ಯಾಕೆ ಬರಿಗೊರಳು?"

"ನಾವು ಬಂಗಾರ ಆಕ್ಕಣಲ್ಲ ತಾಯಿ."

"ವಯಸ್ಸಾಯಿತು ಅಂತಲಾ?"

"ವಯಸ್ಸಿದ್ದಾಗ್ಲೂ ಇಲ್ಲ. ಮರಿಗೆಯೋರು ಆಕ್ಕಣಲ್ಲ. ಮಣ್ಣಲ್ಲಿರೋದ್ನ ತೆಗೆಯೋರು ನಾವು. ತೆಗೆದು ಬೇರೇರ ಕೈಗೆ ಕೊಟ್ಬುಟ್ರೆ ಅದು ಕೆಲ್ಸ. ನಾವೇ ಆಕ್ಕಂಡ್ರೆ ಕಳ್ತನ."

"ತಾಳಿಗೆ?"

ಮುನಿಗಂಗಮ್ಮ ರವಿಕೆಯೊಳಗಿಂದ ಕಪ್ಪು ದಾರ ಎಳೆದಳು. ಅದರ ತುದಿಯಲ್ಲಿ ಉಗುರಿನಷ್ಟು ಮರದ ಚೂರು, ಎಣ್ಣೆ ಬೆವರು ಕುಡಿದು ಕಪ್ಪಾದದ್ದು. "ನಮ್ಮತ್ತೆ ಮರಿಗೆ ಒಡೆದೋದಾಗ ಅದರದು. ಅತ್ತೆ ಮರಿಗೆ ಚೂರು ಸೊಸೆ ಕತ್ಗೆ."

ಸುಧಾಕರ್ ಕಾಫಿ ಲೋಟ ಕೆಳಗಿಟ್ಟರು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಹಾಳೆ ಮಗುಚಿ ಖಾಲಿ ಬೆನ್ನಿನಲ್ಲಿ ಬರೆಯತೊಡಗಿದರು. "ಇದು, ಇದು ಬೇಕಾಗಿತ್ತು. ಬೇರೆ ಎಲ್ಲೂ ಕೇಳಿಲ್ಲ ನಾನು."

ಭಾನುಪ್ರಿಯಳೂ ಕೇಳಿರಲಿಲ್ಲ. ತಮ್ಮ ಮನೆಯಲ್ಲಿ ಬಂಗಾರವಿಲ್ಲದಿರುವುದು ಬಡತನದಿಂದ ಅಂತಲೇ ಅವಳು ಹದಿನೆಂಟು ವರ್ಷ ನಂಬಿದ್ದಳು. ಅಮ್ಮನ ಕೊರಳಲ್ಲೂ ಕಪ್ಪು ದಾರವಿತ್ತು, ಅದರ ತುದಿ ಯಾವತ್ತೂ ಸೆರಗಿನ ಕೆಳಗೆ. ಎರಡು ವರ್ಷದ ಹಿಂದೆ ಚಿಕ್ಕಮ್ಮ ಕಲ್ಪನ ಚೀಟಿ ಎತ್ತಿ ಒಂದೆಳೆ ಚೈನು ಮಾಡಿಸಿಕೊಂಡ ದಿನದಿಂದ ಅಜ್ಜಿ ಬೇರೆ ಒಲೆ ಹಚ್ಚಿದ್ದಳು. ಅತ್ತೆ ಸೊಸೆ ಜಗಳ ಅಂತ ಹಟ್ಟಿಯೇ ಮಾತಾಡಿಕೊಂಡಿತ್ತು. ಜಗಳ ಅದಾಗಿರಲಿಲ್ಲವೇ? ಕಲ್ಪನಳ ಕೈ ತನ್ನಷ್ಟಕ್ಕೆ ಚೈನಿನ ಮೇಲೆ ಹೋಗಿತ್ತು.

"ನನ್ಗೆ ಯಾರೂ ಏಳ್ಲಿಲ್ಲ," ಎಂದಳು ಕಲ್ಪನ. "ಅತ್ತೆ ಮಾತು ಬುಟ್ರು, ಅಷ್ಟೇ."

"ಏಳೋದೇನಿತ್ತು? ಎಲ್ರಿಗೂ ಗೊತ್ತಿರ್ತದಲ್ಲ."

"ನಾನು ಸಣ್ಣೋಳಿದ್ದಾಗ್ಲೇ ನಮ್ಮಮ್ಮ ಸತ್ತೋದ್ಳಲ್ಲತ್ತೆ. ಯಾರು ಏಳ್ಬೇಕಾಗಿತ್ತು ನನ್ಗೆ?"

ಮುನಿಗಂಗಮ್ಮ ಸೊಸೆಯನ್ನು ನೋಡಿದಳು. ಇದು ಅವಳಿಗೆ ಹೊಳೆದೇ ಇರಲಿಲ್ಲ ಅನ್ನುವುದು ಮುಖದಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಸುಧಾಕರ್ ಶಶಿರೇಖಳ ಫೋನಿನಲ್ಲಿ ಫೋಟೋಗಳನ್ನು ಸರಿಸುತ್ತಿದ್ದರು. ಒಂದೊಂದರಲ್ಲೂ ಡಾಬು, ಕಾಸಿನಸರ, ಓಲೆ. "ಮುನಿರಾಜು ಅವರೇ, ಬಂಗಾರ ಮುಟ್ಟದ ಜನಾಂಗ ಅಂತ ಬರೀತೀನಿ, ಕೆಳಗೆ ಈ ಫೋಟೋ ಹಾಕಬೇಕು. ಹೇಗೆ?"

"ಸಾರ್, ಅದು ಬಂಗಾರ ಅಲ್ಲ. ಗಿಲೀಟು. ಬಾಡಿಗೇದು."

"ಬಾಡಿಗೆಗೆ ಯಾಕೆ ತಂದಿರಿ?"

"ಬುಡಕಟ್ಟು ಅಂದ್ರೆ ಮೈ ತುಂಬ ಆಕ್ಕಂಡಿರ್ತಾರಲ್ಲ ಸಾರ್. ಕ್ಯಾಲೆಂಡರಲ್ಲಿ ನೋಡಿದೀನಿ."

ಮೊದಲು ಮುನಿಶಾಮಮ್ಮ ಓಲೆ ಬಿಚ್ಚಿದಳು. ಆಮೇಲೆ ಒಬ್ಬೊಬ್ಬರೂ ಬಿಚ್ಚಿ ಮೂಟೆಗೆ ಹಾಕತೊಡಗಿದರು, ಗಿಲೀಟು ಕಣಕಣ ಅಂದಿತು. ಒಬ್ಬಳ ಡಾಬಿನ ಕೊಂಡಿ ಸಿಕ್ಕಿಕೊಂಡು ಇಬ್ಬರು ಎಳೆಯಬೇಕಾಯಿತು. ಗಿಲೀಟನ್ನೂ ಹಾಕಬಾರದೆಂಬ ಕಟ್ಟು ಇದೆಯೇ ಅಂತ ಶಶಿರೇಖ ಕೇಳಿದಳು. ಮುನಿಗಂಗಮ್ಮ ಯೋಚಿಸಿ, "ಅದ್ಕೆ ಇನ್ನೂ ಯಾರೂ ಕಟ್ಟು ಮಾಡಿಲ್ಲ," ಎಂದಳು.

"ಜಾಲಿಸುವುದನ್ನು ತೋರಿಸುತ್ತೀರಾ?" ಎಂದಳು ಶಶಿರೇಖ.

ಅರ್ಧ ಚೀಲ ಗುಡಿಸಿದ ಮಣ್ಣು ಮೂಲೆಯಲ್ಲಿತ್ತು. ಭಾನುಪ್ರಿಯ ಬಕೆಟ್ಟು ತಂದಳು, ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತಳು. ಸರ್ಕಾರಕ್ಕಾಗಿ ತೋರಿಸುತ್ತಿದ್ದುದನ್ನು ಅವಳೂ ಮೊದಲ ಸಲ ನೋಡುತ್ತಿದ್ದಳು. ಅಜ್ಜಿ ಎರಡು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಮರಿಗೆಯನ್ನು ಮೊರದಂತೆ ಆದರೆ ಮೊರಕ್ಕಿಂತ ನಿಧಾನವಾಗಿ ತೂಗಿದಳು. ಕೆಸರು ಅಂಚಿನಿಂದ ಹರಿದುಹೋಯಿತು. ಮತ್ತೆ ನೀರು, ಮತ್ತೆ ಕೆಸರು. ಕಡೆಗೆ ಕಪ್ಪು ಮರಳಿನ ಒಂದು ನಾಲಿಗೆ ಉಳಿಯಿತು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಆಡಿಸಿದಳು, ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡು ಬಂತು. ಆಗ ಮರದ ಮೇಲೆ, ಅರಿಶಿನ ಉದುರಿದಂತೆ, ಮೂರೋ ನಾಲ್ಕೋ ಚುಕ್ಕೆ.

ಮುನಿಗಂಗಮ್ಮ ಒದ್ದೆ ಬೆರಳಿನಿಂದ ಮೊದಲ ಚುಕ್ಕೆ ಎತ್ತಿ ಅಂಗಳದ ನೆಲಕ್ಕೆ ಒತ್ತಿದಳು.

"ಯಾಕಜ್ಜಿ?" ಭಾನುಪ್ರಿಯ ಮತ್ತು ಶಶಿರೇಖ ಒಟ್ಟಿಗೆ ಕೇಳಿದರು.

"ಯಾಕೋ. ನಮ್ಮತ್ತೆ ಅಂಗೇ ಮಾಡ್ತಿದ್ಳು."

"ನೀನು ಕೇಳ್ಲಿಲ್ವಾ ಅವುರ್ನ?"

"ಕೇಳ್ದೆ. ಅವ್ಳತ್ತೇನೂ ಅಂಗೇ ಮಾಡ್ತಿದ್ಳಂತೆ."

ಭಾನುಪ್ರಿಯಳಿಗೆ ಆ ಚುಕ್ಕೆ ಬಿದ್ದ ಜಾಗ ಆಗಲೇ ಕಾಣುತ್ತಿರಲಿಲ್ಲ. ಬಗ್ಗಿ ಹುಡುಕಿದಳು. ಅಜ್ಜಿಯ ಅತ್ತೆಯ ಕಾಲದಿಂದ ಈ ಅಂಗಳದಲ್ಲಿ ಇಂಥ ಎಷ್ಟು ಚುಕ್ಕೆ ಇರಬಹುದು, ತಾನು ದಿನವೂ ಅದರ ಮೇಲೇ ಸೆಗಣಿ ಸಾರಿಸುತ್ತಿದ್ದೆನೇ ಅಂತ ಕೇಳಬೇಕೆನಿಸಿತು. ಇನ್ನೂ ನೂರು ಕೇಳುವುದಿತ್ತು. ಮೊದಲಿಗೆ ಮರಿಗೆಯನ್ನು ತಾನೊಮ್ಮೆ ಹಿಡಿದು ನೋಡಬೇಕಿತ್ತು. ಕೈಗೆ ತಗೊಂಡಳು. ಅಂದುಕೊಂಡದ್ದಕ್ಕಿಂತ ಹಗುರ. ತೂಗಿದಾಗ ನೀರೆಲ್ಲ ಅವಳ ಲಂಗದ ಮೇಲೆ ಬಿತ್ತು.

"ಇಲ್ಲಿ ಬಾಮ್ಮ," ಎಂದು ಕರೆದರು ಸುಧಾಕರ್.

ಅವರು ಮುನಿರಾಜುವಿನ ಜೊತೆ ಮಾತಾಡಿ ಮುಗಿಸಿದ್ದರು. ಮುನಿರಾಜುವಿನ ಮುಖ ಬೆಳಗಿನಿಂದ ಮೊದಲ ಸಲ ಸಡಿಲಾಗಿತ್ತು.

"ನೋಡು, ನಿಮ್ಮದು ಬೇರೆ ಜನಾಂಗ ಅಂತ ನನಗೆ ಒಪ್ಪಿಗೆ ಇದೆ. ವರದಿಯನ್ನು ಹಾಗೇ ಬರೀಬಹುದು. ಅದು ಬೆಂಗಳೂರಿಗೆ ಹೋಗುತ್ತೆ, ಅಲ್ಲಿಂದ ದೆಹಲಿಗೆ. ಅವರು ಮತ್ತೆ ಕೇಳುತ್ತಾರೆ, ಇವರು ಮತ್ತೆ ಬರೀತಾರೆ. ಪಟ್ಟಿಗೆ ಹೊಸ ಹೆಸರು ಸೇರಬೇಕಾದರೆ ಪಾರ್ಲಿಮೆಂಟಿಗೇ ಹೋಗಬೇಕು. ಹತ್ತು ವರ್ಷವೂ ಆಗಬಹುದು, ಆಗದೆಯೂ ಇರಬಹುದು. ನಿನ್ನ ಕೌನ್ಸೆಲಿಂಗ್ ಬರೋ ತಿಂಗಳು ಅಂತಲ್ಲ?"

"ಹೌದು ಸಾರ್."

"ಕ್ಯಾಸಂಬಳ್ಳಿ ಕಡೆ ಹುರಿಯವರು ಅಂತ ಇದ್ದಾರೆ. ಕತ್ತಾಳೆ ನಾರಿನ ಹಗ್ಗ ಹೊಸೆಯೋರು. ಅವರು ಪಟ್ಟಿಯಲ್ಲಿ ಇದ್ದಾರೆ. ನೀವು ಅವರದೇ ಒಂದು ಕವಲು ಅಂತ ನಾನು ಬರೀತೀನಿ. ಮನೆಯವರು ಹೌದು ಅಂತ ಒಂದು ಹೇಳಿಕೆ ಕೊಟ್ಟರೆ ಮುಂದಿನ ವಾರ ಸರ್ಟಿಫಿಕೇಟ್. ನನ್ನ ಮಗಳ ವಯಸ್ಸಿನವಳು ನೀನು, ಅದಕ್ಕೆ ಹೇಳ್ತಿದೀನಿ."

ಹುರಿಯವರು ಅಂದ ಕೂಡಲೇ ಭಾನುಪ್ರಿಯಳಿಗೆ ರಾಧ ನೆನಪಾದಳು. ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ಬಂದು ಪಿಯುಸಿಯಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಅಂಗೈ ತುಂಬ ನಾರು ಹೊಸೆದ ಗೆರೆಗಳು. ಇದೇ ಕೌನ್ಸೆಲಿಂಗಿಗೆ ಅವಳೂ ಬರುವವಳು, ಅಂಕ ಭಾನುಪ್ರಿಯಳಿಗಿಂತ ಸ್ವಲ್ಪ ಕಡಿಮೆ. ಅವರಲ್ಲಿ ಹೆಣ್ಣುಮಕ್ಕಳು ಹಗ್ಗ ದಾಟಬಾರದು ಅಂತ ಕಟ್ಟು ಇದೆಯಂತೆ, ದನ ಕಟ್ಟಿದ ಹಗ್ಗ ಬಂದರೂ ಸುತ್ತಿ ಹೋಗುತ್ತಿದ್ದಳು.

"ಅವ್ರನ್ನ ಕೇಳಿದ್ದೀರಾ ಸಾರ್?"

"ಯಾರನ್ನು?"

"ಹುರಿಯೋರ್ನ. ನಾವು ಅವ್ರ ಕವಲು ಅಂತ."

ಸುಧಾಕರ್ ಶಶಿರೇಖಳ ಕಡೆ ನೋಡಿದರು. ಅವಳು ಫೋನನ್ನು ಚೀಲದೊಳಗೆ ಇಡುತ್ತಿದ್ದಳು, ಇಡುತ್ತಲೇ ಇದ್ದಳು. "ಅವರನ್ನು ಕೇಳಬೇಕು ಅಂತ ನಿಯಮವಿಲ್ಲ," ಎಂದರು ಅವರು.

"ಸೀಟು ಎಷ್ಟಿರ್ತವೆ ಆ ಪಟ್ಟಿಯೋರ್ಗೆ?"

"ಈ ಜಿಲ್ಲೆಗೆ ಒಂದೋ ಎರಡೋ. ನಿನ್ನ ಅಂಕಕ್ಕೆ ಸಿಗುತ್ತೆ, ಯೋಚನೆ ಮಾಡಬೇಡ."

ಮುನಿರಾಜು ನಡುವೆ ಬಂದ. "ಅಮ್ಮೀ, ಸಾರ್ ಅತ್ರ ಇಷ್ಟೆಲ್ಲ ಕೇಳ್ಬಾರ್ದು. ನಿನ್ಗೆ ಅದಿನೆಂಟು ತುಂಬದೆ, ನೀನೇ ಸೈನ್ ಆಕ್ಬೋದಂತೆ. ನಾಲ್ಕು ವರ್ಷ ಸುತ್ತಿದೀನಿ ನಾನು. ಒಂದು ಸೈನು."

"ಬರೋ ತಿಂಗ್ಳೇ ಸೀಟು ಸಿಗ್ತದಂತಲ್ಲ," ಎಂದಳು ಹೊಸ್ತಿಲಿನಿಂದ ಮುನಿಗಂಗಮ್ಮ. ಅವಳು ಮರಿಗೆಯನ್ನು ಬಿಸಿಲಿಗೆ ಒರಗಿಸುತ್ತಿದ್ದಳು. "ಆಕು. ಯಾವೆಸ್ರಾದ್ರೇನು? ಎಸ್ರು ಬರ್ಕಂಡ್ರೆ ಮೈಗೆ ಅಂಟ್ಕೊಳಲ್ಲ. ನೀನು ಓದು."

ಅಜ್ಜಿಯೇ ಹೀಗೆ ಅನ್ನುತ್ತಾಳೆ ಅಂತ ಭಾನುಪ್ರಿಯ ಎಣಿಸಿರಲಿಲ್ಲ. ಒಂದು ಕ್ಷಣ ಅವಳ ಕಣ್ಣ ಮುಂದೆ ಬಿಳಿ ಕೋಟು ಬಂತು, ಹಾಸ್ಟೆಲ್ಲಿನ ಮಂಚ ಬಂತು, ದಾದಿಯರು ಹಾಕುವ ಮೆತ್ತನೆ ಚಪ್ಪಲಿ ಬಂತು. ಅವೆಲ್ಲ ಅವಳಿಗೆ ಬೇಕಿತ್ತು.

"ಸಾರ್, ವರ್ದೀಲಿ ಆಗ ಈ ಬಂಗಾರದ್ದು ಬರ್ತದಾ? ತಾಳಿದು?"

"ಅದು ಹುರಿಯವರಲ್ಲಿ ಇಲ್ಲವಲ್ಲಮ್ಮ. ಬರೆದರೆ ಪ್ರಶ್ನೆ ಏಳುತ್ತೆ. ಬಿಡಬೇಕಾಗುತ್ತೆ." ಸುಧಾಕರ್ ಹಾಳೆಯನ್ನು ಕುರ್ಚಿಯ ತೋಳಿನ ಮೇಲೆ ಇಟ್ಟು ಪೆನ್ನಿನ ಮುಚ್ಚಳ ತೆಗೆದರು. ಪೆನ್ನನ್ನು ಅವಳ ಕಡೆ ಹಿಡಿದರು. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹಿಡಿದಿದ್ದರು, ಅದು ಅವರ ಮುಖದಲ್ಲಿತ್ತು. "ಇಲ್ಲಿ, ಹೆಸರಿನ ಕೆಳಗೆ."

ಭಾನುಪ್ರಿಯ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ ಸಾರ್," ಎಂದಳು. "ನಾನು ಆಕಲ್ಲ."